ಪಾಸ್ಕಲ್ ಲ್ಯಾಬಿನ ಚಪ್ಪಲಿ ಸಾಲು

ಕಂಪ್ಯೂಟರ್ ಲ್ಯಾಬಿನ ಅಟೆಂಡರನಿಗೆ ಕಂಪ್ಯೂಟರ್ ಬರಬೇಕೆಂದೇನೂ ಇಲ್ಲ. ಬಾಗಿಲು ಕಾಯಲು ಬಂದರೆ ಅರ್ಧ ಕೆಲಸ ಬಂದ ಹಾಗೆ. ಉಳಿದರ್ಧ ಧೂಳು, ತೇವ, ಇಲಿ ಮತ್ತು ಕರೆಂಟು. ಈಗ ಈ ಕೆಲಸಕ್ಕೆ ಸೇರುವವರು ಡಿಪ್ಲೊಮಾ ಮುಗಿಸಿ ಬರುತ್ತಾರೆ. ಅವರಿಗೆ ನನ್ನ ಕಾಲದ ಇಲಿಗಳ ಕಥೆ ಬೇಡವಾಗಿರಬಹುದು, ಬಾಗಿಲಿನ ಕಥೆ ಬೇಕಾದೀತು. ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು ಎಂಬುದು ಇವತ್ತಿಗೂ ಎಷ್ಟೋ ಕಡೆ ಅಟೆಂಡರನ ಕೈಯಲ್ಲೇ ಇದೆ. ಆ ಕೆಲಸವನ್ನು ನಾನು ನೇರವಾಗಿ ಮಾಡಿದೆ ಎಂದು ಕಾಲೇಜಿನವರೆಲ್ಲ ಹೇಳುತ್ತಿದ್ದರು. ನನ್ನ ತಂಗಿ ದಮಯಂತಿಯ ಮಟ್ಟಿಗೆ ಅದು ಸುಳ್ಳು. ಅದನ್ನು ಕೊನೆಗೆ ಬರೆಯೋಣ ಎಂದುಕೊಂಡರೆ ಬರೆಯದೆಯೇ ಉಳಿದೀತು, ಹಾಗಾಗಿ ಮೊದಲೇ ಹೇಳಿಟ್ಟಿದ್ದೇನೆ.

ನಮ್ಮ ಮನೆ ಸುಳ್ಯದ ಹತ್ತಿರ ಅಜ್ಜಾವರದಲ್ಲಿ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಮನೆಯ ಕಷ್ಟಕ್ಕಾಗಿ ಶಾಲೆ ಬಿಟ್ಟೆ ಎಂದು ಕೆಲವರೊಡನೆ ಹೇಳಿದ್ದುಂಟು. ಅದು ನಿಜವಲ್ಲ, ಲೆಕ್ಕ ತಲೆಗೆ ಹತ್ತಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಪುತ್ತೂರಿನ ಒಂದು ಟೈಪಿಂಗ್ ತರಗತಿಯಲ್ಲಿ ಮೆಷಿನ್ ಒರೆಸುವ, ಎಣ್ಣೆ ಬಿಡುವ, ರಿಬ್ಬನ್ ಬದಲಿಸುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷ ಕಳೆದ ಮೇಲೆ ಪುತ್ತೂರಿಗೂ ಸುಳ್ಯಕ್ಕೂ ನಡುವೆ ಹೊಸತಾಗಿ ಒಂದು ಎಂಜಿನಿಯರಿಂಗ್ ಕಾಲೇಜು ಆಯಿತು. ಅಲ್ಲಿ ಅಟೆಂಡರ್ ಬೇಕು ಎಂದು ಕೇಳಿ ಹೋದೆ. ನನ್ನನ್ನು ನೋಡಿದವರು ಶ್ರೀಪತಿ ಸರ್. ರಾಮಕುಂಜದ ಕಡೆಯವರು, ನನಗಿಂತ ಎರಡು ಮೂರು ವರ್ಷ ಚಿಕ್ಕವರು, ಮೊದಲ ವರ್ಷದವರಿಗೆ ಪಾಸ್ಕಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿಸಲು ಬಂದಿದ್ದರು.

"ಮೆಷಿನ್ ಮುಟ್ಟಿ ಗೊತ್ತುಂಟಾ?" ಎಂದು ಕೇಳಿದರು.

"ಉಂಟು ಸರ್, ಟೈಪ್ ಮೆಷಿನ್."

"ಧಾರಾಳ ಆಯ್ತು. ಇದ್ರಲ್ಲೂ ಅಕ್ಷರ ಅದೇ ಜಾಗದಲ್ಲಿ ಉಂಟು. ಎಣ್ಣೆ ಮಾತ್ರ ಬಿಡ್ಬೇಡಿ."

ಲ್ಯಾಬ್ ಎಂದರೆ ಒಂದು ಕೋಣೆ, ಅದರಲ್ಲಿ ಮೂರು ಕಂಪ್ಯೂಟರ್, ಒಂದು ಪ್ರಿಂಟರ್, ಇಡೀ ಕಾಲೇಜಿಗಿದ್ದ ಒಂದೇ ಒಂದು ಏಸಿ. ಕಂಪ್ಯೂಟರಿನೊಳಗೆ ಏನನ್ನೂ ಉಳಿಸಿಡುವ ಜಾಗವಿರಲಿಲ್ಲ, ಎಲ್ಲವೂ ಫ್ಲಾಪಿಯಲ್ಲಿ. ಆಗಿನ ಫ್ಲಾಪಿ ಅಂಗೈಗಿಂತ ದೊಡ್ಡದಾದ, ಬಗ್ಗುವ ಕಪ್ಪು ಚೌಕ. ಅದರ ಮೇಲೆ ಉದ್ದಕ್ಕೆ ಒಂದು ಕಿಂಡಿ, ಮೆಷಿನ್ ಓದುವುದು ಆ ಕಿಂಡಿಯಿಂದ. ಜೂನ್ ಬಂತೆಂದರೆ ಫ್ಲಾಪಿಗೆ ಬೂಸ್ಟು ಹಿಡಿಯುತ್ತಿತ್ತು. ಮರದ ಕಪಾಟಿನೊಳಗೆ ಒಂದು ಬಲ್ಬ್ ಸದಾ ಉರಿಸಿಟ್ಟು ಆ ಬಿಸಿಯಲ್ಲಿ ಅವನ್ನು ಕಾಪಾಡಿದೆವು. ಅದು ನನ್ನ ಉಪಾಯವೇ. ಟೈಪಿಂಗ್ ತರಗತಿಯಲ್ಲಿ ಕಾಗದ ಮೆತ್ತಗಾಗದಂತೆ ಹಾಗೆ ಮಾಡುತ್ತಿದ್ದೆವು.

ನನ್ನ ಉಪಾಯಗಳೆಲ್ಲ ಅಷ್ಟು ಒಳ್ಳೆಯವಾಗಿರಲಿಲ್ಲ. ಮೊದಲ ವರ್ಷದ ಆಯುಧಪೂಜೆಗೆ ಮೆಷಿನುಗಳನ್ನು ಒರೆಸಿ, ಕುಂಕುಮ ಇಟ್ಟು, ಒಂದೊಂದಕ್ಕೆ ಗೊಂಡೆ ಹೂವಿನ ಮಾಲೆ ಹಾಕಿದೆ. ಮೆಷಿನಿಗೆ ಪೂಜೆಯಾದ ಮೇಲೆ ಫ್ಲಾಪಿಯನ್ನು ಬಿಡುವುದು ಸರಿಯಲ್ಲ ಎನಿಸಿ, ಮೆಷಿನ್ ಚಾಲು ಮಾಡುವ ಮೂರು ಫ್ಲಾಪಿಗಳಿಗೂ ಗಂಧದ ಬೊಟ್ಟು ಇಟ್ಟೆ. ಮರುದಿನ ಮೂರೂ ಮೆಷಿನ್ ಒಂದು ಅಕ್ಷರ ತೋರಿಸದೆ ಗರಗರ ಎಂದವು. ಶ್ರೀಪತಿ ಸರ್ ಫ್ಲಾಪಿಯನ್ನು ಬೆಳಕಿಗೆ ಹಿಡಿದರು.

"ಇದೆಂತ ಕುಶಾಲಪ್ಪ?"

"ಗಂಧ ಸರ್."

"ಗಂಧ ಅಂತ ಗೊತ್ತಾಗ್ತದೆ. ಕಿಂಡಿಗೇ ಯಾಕೆ ಇಟ್ರಿ?"

"ಅದು ಹಣೆಯ ಹಾಗೆ ಕಂಡಿತು ಸರ್."

"ಹಣೆ ಅಲ್ಲ ಮಾರಾಯ್ರೆ, ಅದು ಕಣ್ಣು."

ಮತ್ತೇನೂ ಬೈಯಲಿಲ್ಲ. ಹತ್ತಿ, ಸ್ಪಿರಿಟ್ ತಂದು ಮೆಷಿನಿನಲ್ಲಿ ಫ್ಲಾಪಿ ಓದುವ ಭಾಗವನ್ನು ಒರೆಸುತ್ತ ಮಧ್ಯಾಹ್ನದ ಊಟ ಬಿಟ್ಟರು. ಹೊಸ ಫ್ಲಾಪಿಗಾಗಿ ಮಂಗಳೂರಿಗೆ ಹೇಳಿ ಕಳುಹಿಸಬೇಕಾಯಿತು. ಕೆಳಗಿನವನು ತಪ್ಪು ಮಾಡಿದಾಗ ಎದುರಿಗೆ ನಿಲ್ಲಿಸಿ ಭಾಷಣ ಮಾಡುವ ಮೇಲಧಿಕಾರಿಗಳನ್ನು ಆಮೇಲೆ ಬಹಳ ನೋಡಿದೆ. ಪಕ್ಕದಲ್ಲಿ ಕೂತು ಒರೆಸಿದವರು ಇವರೊಬ್ಬರೇ. ಅವರು ಒಳ್ಳೆಯವರಾಗಿದ್ದುದರಿಂದಲೇ ಅವರ ಹೊಗಳಿಕೆಗೆ ನಾನು ಅಷ್ಟು ಆಸೆಪಟ್ಟೆ ಎಂದು ಈಗ ಅನಿಸುತ್ತದೆ.

ಎರಡನೇ ದೊಡ್ಡ ಎಡವಟ್ಟು ಬೆಳ್ಳಾರೆಯ ಹಮೀದ ಎಂಬ ವಿದ್ಯಾರ್ಥಿಯಿಂದಾಗಿ. ಚುರುಕು ಹುಡುಗ, ಬಾಯಿಯೂ ಚುರುಕು. ಒಂದು ದಿನ ತನ್ನ ಹೆಸರನ್ನು ಪ್ರಿಂಟ್ ಮಾಡುವ ಪ್ರೋಗ್ರಾಮ್ ಬರೆದ, ಎಲ್ಲಿ ನಿಲ್ಲಿಸಬೇಕೆಂದು ಬರೆಯಲು ಮರೆತ. ಪ್ರಿಂಟರ್ ಹಮೀದ್, ಹಮೀದ್ ಎಂದು ಕಟಕಟಿಸುತ್ತ ಕಾಗದವನ್ನು ನೆಲಕ್ಕೆ ರಾಶಿ ಹಾಕತೊಡಗಿತು. ಕಾಗದ ಮುಗಿದರೆ ಬೈಗುಳ ನನಗೆ. ಓಡಿ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಪ್ರಿಂಟರ್ ನಿಂತಿತು, ಮೂರೂ ಕಂಪ್ಯೂಟರ್ ಕೂಡ ನಿಂತವು. ಉಳಿದಿಬ್ಬರು ಬೆಳಗಿನಿಂದ ಟೈಪ್ ಮಾಡಿದ್ದೆಲ್ಲ ಹೋಯಿತು.

"ಕುಶಾಲಣ್ಣ, ಒಂದು ಇಲಿ ಹಿಡಿಲಿಕ್ಕೆ ಇಡೀ ಮನೆಗೆ ಬೆಂಕಿ ಕೊಟ್ರಲ್ಲ" ಎಂದ ಹಮೀದ.

"ಆ ಇಲಿ ನೀನೇ" ಎಂದೆ.

ಅಂದಿನಿಂದ ಯಾವ ಸ್ವಿಚ್ಚಿಗೆ ಕೈ ಹಾಕುವ ಮೊದಲೂ ಅದರಿಂದ ಇನ್ನು ಏನೇನು ಆರುತ್ತದೆ ಎಂದು ನೋಡುವ ಅಭ್ಯಾಸ ಮಾಡಿಕೊಂಡೆ. ಹೊಸಬರೂ ಮಾಡಿಕೊಳ್ಳಬೇಕು.

ಪಾಠ ನಡೆಯುತ್ತಿದ್ದುದು ಲ್ಯಾಬಿನ ಪಕ್ಕದ ಕೋಣೆಯಲ್ಲಿ. ನನ್ನ ಸ್ಟೂಲಿಗೆ ಎಲ್ಲವೂ ಕೇಳುತ್ತಿತ್ತು. ಕೇಳಿದ್ದರಲ್ಲಿ ಹೆಚ್ಚಿನದು ಅರ್ಥವಾಗಲಿಲ್ಲ, ಕೆಲವು ಮಾತ್ರ ನೆನಪಿನಲ್ಲಿ ಕೂತವು. ಡೇಟಾ ಸ್ಟ್ರಕ್ಚರ್ ಎಂದರೆ ಮಾಹಿತಿಯನ್ನು ಹೇಗೆ ಜೋಡಿಸಿಡುವುದು ಎಂಬ ವಿದ್ಯೆ. ಅದನ್ನು ಶ್ರೀಪತಿ ಸರ್ ಹೀಗೆ ಕಲಿಸುತ್ತಿದ್ದರು: "ಬಯಲುಸೀಮೆಯಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ಉಂಟು. ಐದನೇ ಮನೆ ಬೇಕಾದ್ರೆ ಎಣಿಸಿಕೊಂಡು ಹೋದ್ರಾಯ್ತು. ಅದಕ್ಕೆ 'ಅರೇ' ಅಂತ ಹೆಸರು. ನಮ್ಮಲ್ಲಿ ಒಂದು ಮನೆ ಗುಡ್ಡೆಯ ಮೇಲೆ, ಇನ್ನೊಂದು ತೋಡಿನಾಚೆ. ಮದುವೆ ಹೇಳಿಕೆಗೆ ಹೋದವ ಎಂತ ಮಾಡ್ತಾನೆ? ಮೊದಲ ಮನೆಯಲ್ಲಿ ಚಾ ಕುಡಿದು, ಮುಂದಿನ ಮನೆಗೆ ದಾರಿ ಎಲ್ಲಿ ಅಂತ ಕೇಳ್ತಾನೆ. ಅಲ್ಲಿ ಹೋಗಿ ಅದರ ಮುಂದಿನದ್ದು ಕೇಳ್ತಾನೆ. ಇದು ಲಿಂಕ್ಡ್ ಲಿಸ್ಟ್."

"ಮೊದಲ ಮನೆಯವರೊಟ್ಟಿಗೆ ಮಾತಿಲ್ಲದಿದ್ರೆ ಸರ್?" ಎಂದು ಹಮೀದ.

"ಹಾಗಾದ್ರೆ ನಿನ್ನ ಪ್ರೋಗ್ರಾಮ್ ಬಸ್‌ಸ್ಟಾಪಿನಲ್ಲೇ ಬಾಕಿ."

ಲ್ಯಾಬಿನಲ್ಲಿ ಯಾರಾದರೂ ಹೀಗೆ ಹೆಸರುಗಳ ಪಟ್ಟಿಯ ಪ್ರೋಗ್ರಾಮ್ ಬರೆದು, ಅದರಿಂದ ಒಂದು ಹೆಸರು ತೆಗೆದು ತೋರಿಸಿದರೆ ಸರ್ ಬೆನ್ನ ಹಿಂದೆ ನಿಂತು ಯಾವಾಗಲೂ ಒಂದೇ ಮಾತು ಕೇಳುತ್ತಿದ್ದರು: "ಮೊದಲನೇ ಹೆಸರು ತೆಗೆದು ನೋಡಿದಿಯಾ?" ತೆಗೆದರೆ ಹೆಚ್ಚಿನವರ ಮೆಷಿನ್ ಮರಗಟ್ಟಿ ನಿಲ್ಲುತ್ತಿತ್ತು. ಮೊದಲ ಮನೆಯೇ ಹೋದರೆ ಎಲ್ಲಿಂದ ಹೊರಡಬೇಕೆಂದು ಬರೆಯಲು ಮರೆತಿರುತ್ತಿದ್ದರು. ಆಮೇಲೆ ಅವರು ತಿದ್ದಿಕೊಳ್ಳುತ್ತಿದ್ದರು. ಮೆಷಿನಿನ ಮುಂದೆ ಕೂತವರಿಗೆ ಆ ಮಾತು ಸಿಗುತ್ತಿತ್ತು, ಕೂರದವರಿಗೆ ಇಲ್ಲ.

ಕೂರಬೇಕಾದರೆ ಸರದಿ ಬರಬೇಕು. ಒಳಗೆ ಚಪ್ಪಲಿ ಹಾಕುವಂತಿರಲಿಲ್ಲ. ಹಾಗಾಗಿ ಹುಡುಗರು ಬೆಳಿಗ್ಗೆ ಬಂದವರೇ ಲ್ಯಾಬಿನ ಬಾಗಿಲ ಹೊರಗೆ ಚಪ್ಪಲಿ ಸಾಲಾಗಿ ಬಿಟ್ಟು ಬರಿಗಾಲಲ್ಲಿ ತರಗತಿಗೆ ಹೋಗತೊಡಗಿದರು. ಬಸ್ಸಿನ ಕಿಟಕಿಯಿಂದ ಸೀಟಿಗೆ ಹೆಗಲ ಮೇಲಿನ ಬೈರಾಸು ಎಸೆದು ಜಾಗ ಹಿಡಿಯುವ ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೆಷಿನ್ ಖಾಲಿಯಾದಾಗ ಸಾಲಿನ ಮೊದಲ ಚಪ್ಪಲಿ ಯಾರದೋ ಅವರನ್ನು ನಾನು ಕರೆಯುತ್ತಿದ್ದೆ. ಯಾರ ಕಾಲಿಗೆ ಯಾವ ಚಪ್ಪಲಿ ಎಂದು ನನಗೆ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಶ್ರೀಪತಿ ಸರ್ 'ಕ್ಯೂ' ಎಂಬ ಪಾಠಕ್ಕೆ ತರಗತಿಯನ್ನೇ ವರಾಂಡಕ್ಕೆ ಕರೆತಂದು ಆ ಸಾಲನ್ನು ತೋರಿಸಿದರು: "ಬಂದದ್ದು ಹಿಂದೆ ಸೇರ್ತದೆ, ಹೋಗುದು ಮುಂದಿನಿಂದ. ನಡುವೆ ಯಾರೂ ಕೈ ಹಾಕುವ ಹಾಗಿಲ್ಲ. ನೋಡಿ, ಕುಶಾಲಪ್ಪನವರಿಗೆ ಇದು ನಿಮಗಿಂತ ಮೊದಲೇ ಗೊತ್ತುಂಟು." ಎಲ್ಲರೂ ನನ್ನ ಕಡೆ ನೋಡಿದರು. ಏಳನೇ ಫೇಲಾದವನ ಹೆಸರನ್ನು ಪಾಠದಲ್ಲಿ ಸೇರಿಸಿದ ಹಾಗಾಯಿತು.

ದಮಯಂತಿ ಈ ಕಾಲೇಜಿಗೆ ಸೇರಿದ್ದು ಅದೇ ವರ್ಷ, ಹಮೀದನ ತರಗತಿಗೇ. ಲೆಕ್ಕದಲ್ಲಿ ಶಾಲೆಗೇ ಮೊದಲು. ಸಿಕ್ಕಿದ್ದು ಸಿವಿಲ್ ವಿಭಾಗದಲ್ಲಿ ಸೀಟು, ಅವಳಿಗೆ ಬೇಕಾಗಿದ್ದದ್ದು ಕಂಪ್ಯೂಟರ್. ಮೊದಲ ವರ್ಷ ಮುಗಿದ ಮೇಲೆ ಒಳ್ಳೆಯ ಮಾರ್ಕಿದ್ದ ಕೆಲವರಿಗೆ ವಿಭಾಗ ಬದಲಿಸಿಕೊಳ್ಳಲು ಅವಕಾಶವಿತ್ತು. ಅದರಲ್ಲಿ ಶ್ರೀಪತಿ ಸರ್ ಪಾಠದ ಪ್ರಾಕ್ಟಿಕಲ್ ಮಾರ್ಕೇ ಮುಖ್ಯ. "ಅದೊಂದು ಬಂದ್ರೆ ಸಾಕಣ್ಣ, ಉಳಿದದ್ದು ನಾನು ನೋಡಿಕೊಳ್ತೇನೆ" ಎಂದಿದ್ದಳು. ಮನೆಯಲ್ಲಿ ನಾವು ಮಾತಾಡುವುದು ಸುಳ್ಯದ ಕಡೆಯ ಅರೆಭಾಷೆ, ಓದುವವರಿಗೆ ಸುಲಭವಾಗಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಬೀಗ ತೆಗೆಯಬೇಕಾದ ನಾನು ಮೊದಲ ಬಸ್ಸಿಗೆ ಹೊರಡುತ್ತಿದ್ದೆ. ಅವಳೂ ನನ್ನ ಜೊತೆಗೇ. ಹಾಗಾಗಿ ದಿನಾ ಸಾಲಿನಲ್ಲಿ ಮೊದಲ ಚಪ್ಪಲಿ ಅವಳದೇ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಒಂದು ವಾರ ಹಾಗೆ ನಡೆಯಿತು.

"ಬೀಗದ ಕೈಯೊಟ್ಟಿಗೆ ಬರುವವರಿಗೆ ಸರದಿ ಎಂತಕ್ಕೆ ಕುಶಾಲಣ್ಣ?" ಎಂದ ಹಮೀದ. "ಕಂಪ್ಯೂಟರನ್ನು ಮನೆಗೇ ತಕೊಂಡು ಹೋಗಿ, ನಾವು ಅಜ್ಜಾವರಕ್ಕೆ ಬರ್ತೇವೆ."

ಅವನು ತಮಾಷೆಗೆ ಹೇಳಿದ್ದು, ಎಲ್ಲರೂ ನಕ್ಕರು. ನಾನು ನಗಲಿಲ್ಲ. ಎದ್ದು ಹೋಗಿ ದಮಯಂತಿಯ ಚಪ್ಪಲಿಯನ್ನು ಎಲ್ಲರೆದುರೇ ಎತ್ತಿ ಸಾಲಿನ ಕೊನೆಗೆ ಇಟ್ಟೆ. ನಗು ನಿಂತಿತು. ಹಮೀದನಿಗೇ ಮುಜುಗರವಾಗಿ, "ಹಾಗೆ ಹೇಳಿದ್ದಲ್ಲ ಮಾರಾಯ್ರೆ" ಎಂದ. ಶ್ರೀಪತಿ ಸರ್ ಕಿವಿಗೆ ಈ ಸುದ್ದಿ ಬಿದ್ದು, "ನಿಮ್ಮ ಹಾಗೆ ನೇರ ಇರುವವರು ಕಡಿಮೆ ಕುಶಾಲಪ್ಪ" ಎಂದರು. ಮರುದಿನದಿಂದ ಅದೇ ಕ್ರಮವಾಯಿತು. ಅವಳು ಯಾವ ಹೊತ್ತಿಗೆ ಬಂದರೂ ನೀಲಿ ಪಟ್ಟಿ ಕೊನೆಯಲ್ಲಿ.

ಕೊನೆಯ ಸರದಿ ಎಂದರೆ ಏನು ಎಂದು ನನಗೆ ತಿಳಿದಿತ್ತು. ಸಂಜೆಯಾಗುವಾಗ ವೋಲ್ಟೇಜ್ ಇಳಿದು ಪರದೆಯ ಚಿತ್ರ ಕುಗ್ಗುತ್ತಿತ್ತು. ಅಜ್ಜಾವರದ ಬಸ್ಸು ಹಿಡಿಯುವ ಅವಸರ ಬೇರೆ. ಅವಳು ಮೆಷಿನಿನಲ್ಲಿ ಕೂತದ್ದು ಉಳಿದವರ ಕಾಲುಭಾಗವೂ ಇರಲಿಕ್ಕಿಲ್ಲ. ಸರ್ ಆ ಹೊತ್ತಿಗೆ ಮನೆಗೆ ಹೋಗಿರುತ್ತಿದ್ದರು. ಬೆನ್ನ ಹಿಂದೆ ನಿಂತು ಕೇಳುವವರೂ ಇಲ್ಲ. ಅವಳು ದೂರಲಿಲ್ಲ. ಮನೆಯ ಜಗಲಿಯಲ್ಲಿ ಬೆಂಕಿಪೆಟ್ಟಿಗೆಯ ಖಾಲಿ ಡಬ್ಬಿಗಳ ಮೇಲೆ ಹೆಸರು ಬರೆದು, ನೂಲಿನಿಂದ ಒಂದಕ್ಕೊಂದು ಕಟ್ಟಿ, ನಡುವಿನ ಡಬ್ಬಿ ತೆಗೆದು ಆಚೀಚಿನ ನೂಲು ಸೇರಿಸುತ್ತ ಲಿಂಕ್ಡ್ ಲಿಸ್ಟ್ ಕಲಿತಳು. ಯಾವಾಗಲೂ ನಡುವಿನದನ್ನೇ ತೆಗೆಯುತ್ತಿದ್ದಳು. ನಾನು ಊಟ ಮಾಡುತ್ತ ನೋಡುತ್ತಿದ್ದೆ.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಲ್ಯಾಬ್ ಎಲ್ಲರಿಗೂ ತೆರೆದಿತ್ತು. ಅಂದು ಇಡೀ ದಿನ ಶ್ರೀಪತಿ ಸರ್ ಅಲ್ಲೇ ಇರುವವರಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ದಮಯಂತಿ ನನ್ನ ಕಡೆ ನೋಡದೆ ಹೇಳಿದಳು: "ಅಣ್ಣ, ಇವತ್ತೊಂದು ದಿನ ನನ್ನ ಚಪ್ಪಲಿ ಇಟ್ಟಲ್ಲೇ ಇರ್ಲಿ. ಪ್ರೋಗ್ರಾಮಿನಲ್ಲಿ ಎಂತದೋ ಒಂದು ಸರಿ ಇಲ್ಲ. ಸರ್ ಇರುವಾಗ ನೋಡ್ಬೇಕು."

"ನೋಡುವ" ಎಂದೆ.

ಕಾಲೇಜಿಗೆ ಮುಟ್ಟಿದಾಗ ಯಾರೂ ಬಂದಿರಲಿಲ್ಲ. ಅವಳು ಬಾಗಿಲ ಎದುರು ಚಪ್ಪಲಿ ಬಿಟ್ಟು ಲೈಬ್ರರಿಯ ಕಡೆ ಹೋದಳು. ನಾನು ಬೀಗ ತೆಗೆದೆ, ಏಸಿ ಹಾಕಿದೆ, ಹೊರಗೆ ಬಂದೆ. ವರಾಂಡ ಖಾಲಿ. ಹಮೀದ ಇರಲಿಲ್ಲ, ಸರ್ ಇರಲಿಲ್ಲ, ಗುಡಿಸುವವಳು ಕೂಡ ಇರಲಿಲ್ಲ. ನಾನು ನೇರ ಮನುಷ್ಯ ಎಂದು ಯಾರಿಗೂ ತೋರಿಸಬೇಕಾಗಿರಲಿಲ್ಲ. ಆ ಚಪ್ಪಲಿಯನ್ನು ಎತ್ತಿ ವರಾಂಡದ ಆಚೆ ತುದಿಗೆ, ಕೊನೆಯ ಕಂಬದ ಬುಡದಲ್ಲಿಟ್ಟೆ.

ಯಾಕೆ ಎಂದು ಬಹಳ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಅಭ್ಯಾಸ ಎಂದು ಹೇಳಿಕೊಂಡೆ, ನ್ಯಾಯ ಎಂದೂ ಹೇಳಿಕೊಂಡೆ. ಅದಲ್ಲ. ನಾನು ದಿನಾ ಒರೆಸುವ ಕುರ್ಚಿಯಲ್ಲಿ ನನ್ನ ತಂಗಿ ಎಲ್ಲರಿಗಿಂತ ಮೊದಲು ಕೂರುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ನಾನು ಫೇಲಾದ ಲೆಕ್ಕದಲ್ಲಿ ಅವಳು ಪಾಸಾಗುತ್ತ ಹೋಗಿದ್ದಳು. ಅವಳು ಹಿಂದೆ ನಿಂತು ಕಾಯುವುದನ್ನು ನೋಡುವಾಗ ನನಗೆ ಒಳಗೊಳಗೆ ಹಿತವಾಗುತ್ತಿತ್ತು. ಹುಡುಗರ ಎದುರು ಮಾಡುವಾಗ ಅದಕ್ಕೆ ನೇರತನ ಎಂದು ಹೆಸರಿತ್ತು. ಆವತ್ತು ಯಾರೂ ಇಲ್ಲದಾಗ ಅದಕ್ಕೆ ಆ ಹೆಸರೂ ಇರಲಿಲ್ಲ.

ಮಧ್ಯಾಹ್ನ ಕಳೆದು ಸ್ವಲ್ಪ ಹೊತ್ತಿನಲ್ಲಿ ವೋಲ್ಟೇಜ್ ಏರಿಳಿದು ಸ್ಟೆಬಿಲೈಸರ್ ಸುಟ್ಟ ವಾಸನೆ ಬಂತು. ಶ್ರೀಪತಿ ಸರ್ ಎಲ್ಲ ಮೆಷಿನ್ ಆರಿಸಿ, ಬೇರೆ ಸ್ಟೆಬಿಲೈಸರ್ ತರಲು ಪುತ್ತೂರಿಗೆ ಹೊರಟರು. ಅಷ್ಟರಲ್ಲಿ ಹೆಚ್ಚಿನವರ ಸರದಿ ಆಗಿತ್ತು. ಕಂಬದ ಬುಡದಲ್ಲಿ ನೀಲಿ ಪಟ್ಟಿ ಹಾಗೆಯೇ ಇತ್ತು. ದಮಯಂತಿ ಬಂದು ಅದನ್ನು ಕಾಲಿಗೆ ಹಾಕಿಕೊಂಡು ಬಸ್‌ಸ್ಟಾಪಿಗೆ ನಡೆದಳು.

ಪರೀಕ್ಷೆಯಲ್ಲಿ ಪ್ರಶ್ನೆಗೆ ಚೀಟಿ ಎತ್ತಬೇಕು. ಅವಳಿಗೆ ಬಂದದ್ದು ಹೆಸರುಗಳ ಲಿಂಕ್ಡ್ ಲಿಸ್ಟ್. ಬೇಗ ಬರೆದಳು, ಬೇಗ ಟೈಪ್ ಮಾಡಿದಳು. ಹೆಸರು ಸೇರಿಸಿದಳು, ಸೇರಿತು. ನಡುವಿನದನ್ನು ತೆಗೆದಳು, ಹೋಯಿತು. ಹೊರಗಿನಿಂದ ಬಂದ ಪರೀಕ್ಷಕರು ಬಗ್ಗಿ, "ಮೊದಲನೇದು ತೆಗೀಮ್ಮ" ಎಂದರು. ಪರದೆ ಮರಗಟ್ಟಿತು. ಏನು ತಪ್ಪೆಂದು ಅವಳಿಗೆ ಆ ಕ್ಷಣವೇ ಹೊಳೆದಿರಬೇಕು, ಕಾಗದದ ಮೇಲೆ ತಿದ್ದಿಯೂ ತೋರಿಸಿದಳು. ಮೆಷಿನ್ ಮತ್ತೆ ಚಾಲು ಮಾಡಿ ಎಲ್ಲವನ್ನೂ ಟೈಪ್ ಮಾಡಲು ಹೊತ್ತು ಉಳಿದಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ.

ಪಾಸಾದಳು, ಆದರೆ ಬೇಕಾದಷ್ಟು ಮಾರ್ಕು ಬರಲಿಲ್ಲ. ವಿಭಾಗ ಬದಲಿಸಲು ಅವಕಾಶ ಸಿಕ್ಕಿದವರಲ್ಲಿ ಹಮೀದ ಒಬ್ಬ. ಅವನು ಯೋಗ್ಯನೇ, ಆ ಬಗ್ಗೆ ನನಗೆ ಅನುಮಾನವಿಲ್ಲ. ದಮಯಂತಿ ಸಿವಿಲ್‌ನಲ್ಲೇ ಉಳಿದಳು. ಕಂಪ್ಯೂಟರ್ ಎಂಬ ಮಾತನ್ನು ಮನೆಯಲ್ಲಿ ಮತ್ತೆ ಎತ್ತಲಿಲ್ಲ.

ನಾನು ಆ ಬಾಗಿಲಲ್ಲೇ ಇನ್ನೂ ಬಹಳ ವರ್ಷ ಕೂತೆ. ಫ್ಲಾಪಿ ಹೋಯಿತು, ಪಾಸ್ಕಲ್ ಹೋಯಿತು, ಮೂರಿದ್ದ ಮೆಷಿನುಗಳು ಮೂರು ಕೋಣೆ ತುಂಬುವಷ್ಟಾದವು. ಕೊನೆಗೆ ಚಪ್ಪಲಿಯನ್ನು ಹೊರಗೆ ಬಿಡುವ ಕ್ರಮವೂ ಹೋಯಿತು. ಕೆಲಸ ಗೊತ್ತಿದ್ದವನು ಎಂಬ ಹೆಸರಿನಿಂದಲೇ ನಿವೃತ್ತನಾದೆ. ಆ ಹೆಸರಿನಲ್ಲಿ ಹೆಚ್ಚಿನದು ನ್ಯಾಯವಾಗಿ ಬಂದದ್ದೇ. ಈಗ ಬಾಗಿಲಲ್ಲಿ ಕೂರುವವರಿಗೆ ನಾನು ಹೇಳಬಹುದಾದದ್ದು ಇಷ್ಟು: ನಿಮ್ಮವರನ್ನು ಮುಂದೆ ತರಬೇಡಿ, ಅದು ಎಲ್ಲರಿಗೂ ಗೊತ್ತಿರುವ ತಪ್ಪು. ಅವರನ್ನು ಹಿಂದೆ ತಳ್ಳಿ ಹೆಸರು ಸಂಪಾದಿಸುವುದೂ ಕಳ್ಳತನವೇ. ಅದನ್ನು ಯಾರೂ ಹಿಡಿಯುವುದಿಲ್ಲ, ಎಲ್ಲರೂ ಹೊಗಳುತ್ತಾರೆ.

ದಮಯಂತಿ ಓದು ಮುಗಿಸಿ ಸರಕಾರಿ ಎಂಜಿನಿಯರ್ ಆದಳು. ಕಡಬದ ಸುತ್ತ ತೋಡು ದಾಟುವ ಸಣ್ಣ ಸೇತುವೆಗಳಲ್ಲಿ ಹಲವು ಅವಳು ನಿಂತು ಮಾಡಿಸಿದವು. ನಿವೃತ್ತನಾದ ವರ್ಷ ಒಂದು ಭಾನುವಾರ ಕಡಬದಲ್ಲಿ ಅವಳ ಕ್ವಾರ್ಟರ್ಸಿಗೆ ಹೋದೆ. ಕೆಲಸದ ಜಾಗದಿಂದ ಆಗಷ್ಟೇ ಬಂದು ಕಾಲಿನ ಸಿಮೆಂಟು ತೊಳೆಯುತ್ತಿದ್ದಳು. ನಾನು ಕೂರದೆಯೇ ಹೇಳಿದೆ.

"ಪರೀಕ್ಷೆಯ ಹಿಂದಿನ ದಿನ ನಿನ್ನ ಚಪ್ಪಲಿ ತೆಗೆದಿಟ್ಟದ್ದು ನಾನೇ."

ಅವಳು ನಕ್ಕಳು. "ಚಪ್ಪಲಿ ತಾನಾಗಿ ನಡಿತದಾ ಅಣ್ಣ? ಅದು ನನಗೆ ಆವತ್ತೇ ಗೊತ್ತುಂಟು. ಆ ಹುಡುಗರು ಬೆಳಿಗ್ಗೆ ಬೆಳಿಗ್ಗೆ ಬಂದು ನಿನ್ನನ್ನು ಗೋಳು ಹುಯ್ಕೊಂಡಿರ್ಬೇಕು. ಹಮೀದ ಇದ್ನಲ್ಲ?"

"ಇರ್ಲಿಲ್ಲ."

"ಮತ್ತೆ ಯಾರಿದ್ದದ್ದು?"

"ಯಾರೂ ಇರ್ಲಿಲ್ಲ. ನಾನೊಬ್ಬನೇ ಇದ್ದದ್ದು."

ಅವಳು ನಲ್ಲಿ ನಿಲ್ಲಿಸಿದಳು.

"ಹಮೀದ ತನ್ನ ಮದುವೆಗೆ ಬೆಳ್ಳಾರೆಯಿಂದ ಅಷ್ಟು ದೂರ ಬಂದು ಹೇಳಿ ಹೋಗಿದ್ದ" ಎಂದಳು. "ನಾನು ಹೋಗ್ಲಿಲ್ಲ. ಅವನಿಂದಾಗಿ ನೀನು ಚಪ್ಪಲಿ ತೆಗೆದದ್ದು ಅಂತ ಇಷ್ಟು ವರ್ಷ ಎಣಿಸಿದ್ದೆ."

ಆಗ ನಾನು ಸುಮ್ಮನಿರಬೇಕಿತ್ತು. "ಆದ್ರೂ ಎಲ್ಲ ಒಳ್ಳೆದೇ ಆಯ್ತಲ್ಲ ದಮಯಂತಿ" ಎಂದೆ. "ಈ ಊರಲ್ಲಿ ನಿನ್ನ ಸೇತುವೆ ದಾಟದವರು ಯಾರಿದ್ದಾರೆ?"

ಅವಳು ಬೈರಾಸಿನಿಂದ ಕಾಲು ಒರೆಸಿಕೊಂಡು ಮೇಲೆ ಬಂದಳು. ಸಿಟ್ಟಾಗಲಿಲ್ಲ, ಧ್ವನಿಯೂ ಏರಲಿಲ್ಲ.

"ಕೂತ್ಕೋ, ಚಾ ಮಾಡ್ತೇನೆ" ಎಂದಳು. "ಒಳ್ಳೆದಾಯ್ತು ಅಂತ ಮಾತ್ರ ನೀನು ಹೇಳ್ಬೇಡ ಅಣ್ಣ. ಹೇಳುದಾದ್ರೆ ಅದು ನಾನು ಹೇಳ್ಬೇಕಾದ ಮಾತು."

ಚಾ ಕೊಟ್ಟಳು, ಕುಡಿದು ಬಂದೆ. ಆಮೇಲೆ ನಾನೇ ಬೆಳ್ಳಾರೆಗೆ ಹೋಗಿ ಹಮೀದನಿಗೂ ನಡೆದದ್ದನ್ನು ಹೇಳಿ ಬಂದೆ. ದಮಯಂತಿ ಈಗಲೂ ಹಬ್ಬಕ್ಕೆ ಬರುತ್ತಾಳೆ, ಆರೋಗ್ಯ ವಿಚಾರಿಸುತ್ತಾಳೆ, ನನ್ನ ಕನ್ನಡಕ ಬದಲಿಸಲು ಪುತ್ತೂರಿಗೆ ಕರೆದುಕೊಂಡು ಹೋಗುತ್ತಾಳೆ. 'ಒಳ್ಳೆದಾಯ್ತು' ಎಂಬ ಆ ಮಾತನ್ನು ಅವಳು ಇದುವರೆಗೆ ಹೇಳಿಲ್ಲ.